ಹಿಮೋಗ್ಲೋಬಿನ್ 18 ಇದ್ದರೆ ಸಂತೋಷಪಡಬೇಕೇ?

(ಮಡಿಕೇರಿಯಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ರಕ್ತದ ಬಗ್ಗೆ ಮಾತು ಎಂದರೆ ನಮ್ಮ ಜಿಲ್ಲೆಯಲ್ಲಿ ಮೊದಲು ನೆನಪಾಗುವುದು ರಕ್ತಹೀನತೆ. ತೋಟದ ಲೈನ್‌ಮನೆಗಳಲ್ಲಿ, ಹಾಡಿಗಳಲ್ಲಿ ಆಶಾ ಕಾರ್ಯಕರ್ತೆಯರು ಕಬ್ಬಿಣದ ಮಾತ್ರೆ ಹಂಚುವುದನ್ನು ನೀವೆಲ್ಲ ನೋಡಿದ್ದೀರಿ. ಆ ಕೆಲಸ ನಡೆಯಲೇಬೇಕು. ಆದರೆ ಅದರ ಜೊತೆಜೊತೆಗೇ, ಹಿಮೋಗ್ಲೋಬಿನ್ ಎಷ್ಟು ಏರಿದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆಯೂ ಜನರಲ್ಲಿ ಬೇರೂರಿದೆ. ರಿಪೋರ್ಟಿನಲ್ಲಿ 18 ಬಂದರೆ 'ನನಗೇನು, ರಕ್ತ ಬೇಕಾದಷ್ಟಿದೆ' ಎಂದು ಅದನ್ನು ಮಡಚಿ ಬೀರುವಿನಲ್ಲಿಟ್ಟುಬಿಡುತ್ತಾರೆ. ಹಾಗೆ ಇಟ್ಟುಬಿಡುವವರಲ್ಲಿ ಕೆಲವರಿಗೆ ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆ ಇರಬಹುದು. ಮೂಳೆಮಜ್ಜೆ ಕೆಂಪು ಕಣಗಳನ್ನು ಅತಿಯಾಗಿ ತಯಾರಿಸುವ ಕಾಯಿಲೆಯದು. ಅವರಿಗಾಗಿಯೇ ಇವತ್ತಿನ ಮಾತು.

ಒಂದು ರಿಪೋರ್ಟನ್ನು ಹತ್ತಿರದಿಂದ ನೋಡೋಣ. ಇದು ಯಾವ ರೋಗಿಯದ್ದೂ ಅಲ್ಲ, ಉದಾಹರಣೆಗೆಂದು ನಾನೇ ಬರೆದುಕೊಂಡದ್ದು. ಹಿಮೋಗ್ಲೋಬಿನ್ 18.4. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇ. 57. ಬಿಳಿ ರಕ್ತಕಣ 14,200. ಪ್ಲೇಟ್‌ಲೆಟ್ 6 ಲಕ್ಷ 10 ಸಾವಿರ. ಎಂಸಿವಿ, ಅಂದರೆ ಒಂದೊಂದು ಕೆಂಪು ಕಣದ ಸರಾಸರಿ ಗಾತ್ರ, 71. ಹೆಚ್ಚಿನವರು ಮೊದಲ ಸಾಲು ಓದಿ ನಿಲ್ಲಿಸುತ್ತಾರೆ. ನಾನು ನೋಡುವುದು ಉಳಿದ ಸಾಲುಗಳನ್ನು. ಕೆಂಪು, ಬಿಳಿ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಏರಿದ್ದರೆ ತೊಂದರೆ ಇರುವುದು ಆ ಮೂರಕ್ಕೂ ಮೂಲವಾದ ಮೂಳೆಮಜ್ಜೆಯ ಕಾಂಡಕೋಶದಲ್ಲಿ. ಕಣಗಳ ಗಾತ್ರ ಕುಗ್ಗಿದ್ದರೆ, ಇಷ್ಟೊಂದು ಕಣ ತಯಾರಿಸುವ ಭರದಲ್ಲಿ ದೇಹದ ಕಬ್ಬಿಣವೆಲ್ಲ ಖರ್ಚಾಗಿರಬಹುದು. ಹೀಗೆ ಕಬ್ಬಿಣದ ಕೊರತೆಯೂ ಕೆಂಪು ಕಣಗಳ ಅತಿಯೂ ಒಂದೇ ದೇಹದಲ್ಲಿ ಇರಲು ಸಾಧ್ಯ. ಒಮ್ಮೊಮ್ಮೆ ಕಬ್ಬಿಣದ ಕೊರತೆಯಿಂದಾಗಿ ಹಿಮೋಗ್ಲೋಬಿನ್ ಸಹಜ ಮಟ್ಟದಲ್ಲೇ ನಿಂತು, ಕಾಯಿಲೆ ಅದರ ಹಿಂದೆ ಅಡಗಿಯೂ ಇರುತ್ತದೆ.

ಆಗಲೇ ಹೆಸರಿಸಿದ ಪಾಲಿಸೈಥೀಮಿಯಾ ವೆರಾ ಇದೇ. 1892ರಲ್ಲಿ ಫ್ರಾನ್ಸಿನ ವೈದ್ಯ ಲೂಯಿ ಆನ್ರಿ ವಾಕೆ ಇದನ್ನು ಮೊದಲು ವಿವರಿಸಿದರು. ಇದು ಅಪರೂಪದ ಕಾಯಿಲೆ, ಹೆಚ್ಚಾಗಿ 60ರ ಆಸುಪಾಸಿನಲ್ಲಿ ಪತ್ತೆಯಾಗುತ್ತದೆ. ರಕ್ತದ ಕ್ಯಾನ್ಸರುಗಳ ಪಟ್ಟಿಯಲ್ಲಿ ಸೇರಿದ್ದರೂ ನಿಧಾನಗತಿಯದ್ದು. ಸರಿಯಾಗಿ ನೋಡಿಕೊಂಡರೆ ದಶಕಗಳ ಕಾಲ ಬದುಕುವವರಿದ್ದಾರೆ. ನೋಡಿಕೊಳ್ಳದಿದ್ದರೆ ಪಾರ್ಶ್ವವಾಯು, ಹೃದಯಾಘಾತ, ಯಕೃತ್ತಿನ ಅಥವಾ ಕರುಳಿನ ರಕ್ತನಾಳದಲ್ಲಿ ಹೆಪ್ಪು. ಎಷ್ಟೋ ಜನರಲ್ಲಿ ಕಾಯಿಲೆ ಗೊತ್ತಾಗುವುದೇ ಇವುಗಳಲ್ಲೊಂದು ಆದ ಮೇಲೆ.

ಮೊದಲು ಸಹಜ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ನೋಡೋಣ. ಆರೋಗ್ಯವಂತರ ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ತಯಾರಿಸುತ್ತದೆ. ಎಷ್ಟು ಬೇಕು ಎಂದು ತೀರ್ಮಾನಿಸುವುದು ಮುಖ್ಯವಾಗಿ ಮೂತ್ರಪಿಂಡ. ಆಮ್ಲಜನಕ ಕಡಿಮೆಯಾಯಿತೆಂದು ಅದಕ್ಕೆ ತಿಳಿದರೆ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಚಿಕ್ಕದಾಗಿ ಇಪಿಒ ಎನ್ನೋಣ. ಸೈನ್ಯದಲ್ಲಿ ಇದ್ದು ಬಂದವರು ಈ ಸಭೆಯಲ್ಲೂ ಹಲವರಿದ್ದೀರಿ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ತಿಂಗಳುಗಟ್ಟಲೆ ಇದ್ದಾಗ ನಿಮ್ಮ ಹಿಮೋಗ್ಲೋಬಿನ್ ಏರಿದ್ದರೆ ಅದು ಇಪಿಒ ಕೆಲಸ. ಊರಿಗೆ ಬಂದ ಕೆಲವು ವಾರಗಳಲ್ಲಿ ಅದು ಇಳಿಯುತ್ತದೆ. 'ನಾವೂ ಬೆಟ್ಟದ ಮೇಲೆಯೇ ಇದ್ದೇವಲ್ಲ, ಅದಕ್ಕೇ ರಕ್ತ ಜಾಸ್ತಿ' ಎಂದು ಇಲ್ಲಿ ಹಲವರು ಸಮಾಧಾನ ಹೇಳಿಕೊಳ್ಳುತ್ತಾರೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಕೊಡಗಿನ ಅತಿ ಎತ್ತರದ ಬೆಟ್ಟವಾದ ತಡಿಯಂಡಮೋಳ್ ತುದಿಯೇ 1,748 ಮೀಟರ್. ಹಿಮೋಗ್ಲೋಬಿನ್ 18 ಆಗುವುದಕ್ಕೆ ಈ ಎತ್ತರ ಕಾರಣವಲ್ಲ. ಬೀಡಿ ಸಿಗರೇಟು, ಬಹುಕಾಲದ ಶ್ವಾಸಕೋಶದ ತೊಂದರೆ, ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇವು ಕಾರಣವಾಗಬಹುದು. ಅವನ್ನು ಮೊದಲು ಹುಡುಕಬೇಕು. ಅಂಥ ಸಂದರ್ಭಗಳಲ್ಲಿ ಇಪಿಒ ಸಾಮಾನ್ಯವಾಗಿ ಸಹಜ ಮಟ್ಟದಲ್ಲಿ ಅಥವಾ ಹೆಚ್ಚಾಗಿ ಇರುತ್ತದೆ. ಪಾಲಿಸೈಥೀಮಿಯಾ ವೆರಾದಲ್ಲಿ ಅದು ಸಾಮಾನ್ಯವಾಗಿ ನೆಲಕಚ್ಚಿರುತ್ತದೆ. ಮೂತ್ರಪಿಂಡ ಸಾಕು ಎಂದರೂ ಮಜ್ಜೆ ನಿಲ್ಲಿಸುವುದಿಲ್ಲ.

ಏಕೆ ನಿಲ್ಲಿಸುವುದಿಲ್ಲ ಎಂಬುದಕ್ಕೆ ಉತ್ತರ 2005ರಲ್ಲಿ ಸಿಕ್ಕಿತು. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಅಮೆರಿಕ, ಬ್ರಿಟನ್‌ಗಳ ನಾಲ್ಕು ತಂಡಗಳು ಆ ಒಂದೇ ವರ್ಷ ಒಂದೇ ಸಂಗತಿಯನ್ನು ಪ್ರಕಟಿಸಿದವು. ರಕ್ತ ತಯಾರಿಸುವ ಕೋಶದ ಹೊರಪದರದಲ್ಲಿ ಇಪಿಒ ಬಂದು ಕೂರುವ ಗ್ರಾಹಕವಿದೆ. ಆ ಗ್ರಾಹಕಕ್ಕೆ ಸ್ವಂತ ಕಿಣ್ವವಿಲ್ಲ. ಅದರ ಒಳತುದಿಗೆ ಅಂಟಿಕೊಂಡ ಜಾಕ್2 ಎಂಬ ಕಿಣ್ವ ಎಚ್ಚೆತ್ತು ಸ್ಟಾಟ್5 ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ 'ಬದುಕು, ಇಬ್ಭಾಗವಾಗು, ಕೆಂಪು ಕಣವಾಗು' ಎಂಬ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಈ ರೋಗಿಗಳಲ್ಲಿ ಜಾಕ್2 ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅದರಿಂದ ಪ್ರೋಟೀನಿನ 617ನೇ ಸ್ಥಾನದಲ್ಲಿ ವ್ಯಾಲಿನ್ ಇರಬೇಕಾದಲ್ಲಿ ಫಿನೈಲ್‌ಅಲನಿನ್ ಬಂದು ಕೂರುತ್ತದೆ. ವಿ617ಎಫ್ ಎಂದು ಇದನ್ನು ಕರೆಯುತ್ತಾರೆ. ಆಮೇಲೆ ಇಪಿಒ ಬಂದರೂ ಬಾರದಿದ್ದರೂ ಜಾಕ್2 ಕೆಲಸ ಮಾಡುತ್ತಲೇ ಇರುತ್ತದೆ. ಪಾಲಿಸೈಥೀಮಿಯಾ ವೆರಾ ಇರುವ ನೂರರಲ್ಲಿ ಸುಮಾರು 95 ಜನರಲ್ಲಿ ಈ ಬದಲಾವಣೆ ಕಾಣಸಿಗುತ್ತದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಳ್ಳುತ್ತಿರಲಿಲ್ಲ. ಇದೇ ಬದಲಾವಣೆ ಇದ್ದೂ ಕೆಲವರಿಗೆ ಪ್ಲೇಟ್‌ಲೆಟ್ ಮಾತ್ರ ಹೆಚ್ಚುತ್ತದೆ, ಕೆಲವರಿಗೆ ಮಜ್ಜೆ ನಾರುಗಟ್ಟುತ್ತದೆ, ಇನ್ನು ಕೆಲವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಕೆಲವು ರೋಗಿಗಳ ಕೋಶಗಳ ವಂಶಾವಳಿಯನ್ನು ಹಿಂದಕ್ಕೆ ಜಾಡು ಹಿಡಿದು ನೋಡಿದಾಗ, ಮೊದಲ ಕೋಶ ಬಾಲ್ಯದಲ್ಲೇ, ತಾಯಿಯ ಗರ್ಭದಲ್ಲೇ ಕೂಡ, ಬದಲಾಗಿತ್ತು ಎಂದು ಕಂಡುಬಂದಿದೆ. ಹಾಗಾದರೆ ಆ ಒಂದು ಕೋಶ ನಾಲ್ಕೈದು ದಶಕ ಸುಮ್ಮನಿದ್ದು, ಆಮೇಲೆ ಮಜ್ಜೆಯನ್ನು ಆಕ್ರಮಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆ ಬೆನ್ನು ಹತ್ತಿದವರು ತಲುಪಿದ್ದು ಪ್ರತಿರಕ್ಷಣಾ ವ್ಯವಸ್ಥೆಯ ಸಂದೇಶವಾಹಕ ಪ್ರೋಟೀನುಗಳ ಹತ್ತಿರ.

ಅವೇ ಸೈಟೊಕೈನ್‌ಗಳು. ಕೋವಿಡ್ ಕಾಲದಲ್ಲಿ ಸೈಟೊಕೈನ್ ಸ್ಟಾರ್ಮ್ ಎಂಬ ಮಾತನ್ನು ಟಿವಿಯಲ್ಲಿ ಎಲ್ಲರೂ ಕೇಳಿದ್ದೀರಿ. ಸೋಂಕು ತಗುಲಿದಾಗ, ಗಾಯವಾದಾಗ ಬಿಳಿ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಪ್ರೋಟೀನುಗಳಿವು. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್, ಇಂಟರ್‌ಫೆರಾನ್ ಹೀಗೆ ಹತ್ತಾರು ಇವೆ. ಇವುಗಳಲ್ಲಿ ಹಲವು ಕೋಶದೊಳಗೆ ಮಾತು ದಾಟಿಸುವುದೂ ಇದೇ ಜಾಕ್ ಕುಟುಂಬದ ಕಿಣ್ವಗಳ ಮೂಲಕ. ಇಪಿಒಗೆ ಬೇಕಾದ ಜಾಕ್2, ಇಂಟರ್‌ಲ್ಯೂಕಿನ್-6ರ ಸಂದೇಶದಲ್ಲೂ ಪಾಲ್ಗೊಳ್ಳುತ್ತದೆ, ಗಾಮಾ ಇಂಟರ್‌ಫೆರಾನಿಗೂ ಬೇಕು. ಆದ್ದರಿಂದ ಜಾಕ್2 ಕೆಟ್ಟರೆ ಕೆಂಪು ಕಣಗಳ ಲೆಕ್ಕ ತಪ್ಪುವುದರ ಜೊತೆಗೆ ಉರಿಯೂತದ, ಅಂದರೆ ಸೋಂಕು ಗಾಯಗಳಿಗೆ ಮೈ ತೋರುವ ಪ್ರತಿಕ್ರಿಯೆಯ, ಲೆಕ್ಕವೂ ತಪ್ಪುತ್ತದೆ. ಈ ರೋಗಿಗಳ ರಕ್ತದಲ್ಲಿ ಈ ಪ್ರೋಟೀನುಗಳಲ್ಲಿ ಹಲವು ಹೆಚ್ಚಿರುತ್ತವೆ. ಮೈಯಲ್ಲಿ ಸೋಂಕಿಲ್ಲ, ಆದರೂ ಸೋಂಕಿದ್ದವರ ಹಾಗೆ ಸುಸ್ತು, ರಾತ್ರಿ ಬೆವರು, ತೂಕ ಇಳಿಕೆ.

ಇಲ್ಲೊಂದು ವಿರೋಧಾಭಾಸವಿದೆ, ವಿದ್ಯಾರ್ಥಿಗಳಾಗಿ ಬಂದವರು ಇದನ್ನು ಗಮನಿಸಬೇಕು. ಸಾಮಾನ್ಯವಾಗಿ ಉರಿಯೂತ ಹೆಚ್ಚಿದರೆ ರಕ್ತ ಕಡಿಮೆಯಾಗುತ್ತದೆ. ಕ್ಷಯ ಅಥವಾ ಸಂಧಿವಾತ ಬಹಳ ಕಾಲ ಇದ್ದವರು ಬಿಳಿಚಿಕೊಳ್ಳುವುದನ್ನು ನೋಡಿರುತ್ತೀರಿ. ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ಹೇಳಿ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಹೆಪ್ಸಿಡಿನ್ ಹೆಚ್ಚಿದರೆ ಕರುಳಿನಿಂದ ಕಬ್ಬಿಣ ಒಳಬರುವುದಿಲ್ಲ, ಸಂಗ್ರಹದಲ್ಲಿದ್ದದ್ದೂ ಹೊರಬರುವುದಿಲ್ಲ. ಟಿಎನ್‌ಎಫ್ ಅಂತೂ ಮಜ್ಜೆಯ ಎಳೆಯ ಕೋಶಗಳನ್ನು ನೇರವಾಗಿಯೇ ಅದುಮುತ್ತದೆ. ಹಾಗಿದ್ದರೆ ಇಷ್ಟು ಉರಿಯೂತದ ನಡುವೆ ಪಾಲಿಸೈಥೀಮಿಯಾ ರೋಗಿಯ ಕೆಂಪು ಕಣ ಏರುತ್ತಲೇ ಹೋಗುವುದು ಹೇಗೆ? ಕಬ್ಬಿಣದ ಮಟ್ಟಿಗೆ ಉತ್ತರ ಹೀಗಿದೆ. ಭರದಿಂದ ತಯಾರಾಗುತ್ತಿರುವ ಎಳೆಯ ಕೆಂಪು ಕಣಗಳು ಎರಿತ್ರೊಫೆರೋನ್ ಎಂಬ ಇನ್ನೊಂದು ಸಂದೇಶವನ್ನು ಕಳಿಸಿ ಹೆಪ್ಸಿಡಿನ್ನನ್ನು ತಗ್ಗಿಸುತ್ತವೆ. ಸಿಕ್ಕ ಕಬ್ಬಿಣವೆಲ್ಲ ಮಜ್ಜೆಗೇ ಹೋಗುತ್ತದೆ.

ಟಿಎನ್‌ಎಫ್ ವಿಷಯದಲ್ಲಿ ಸಿಕ್ಕ ಉತ್ತರ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಿಗಳ ರಕ್ತ ತಯಾರಿಸುವ ಕೋಶಗಳಿಗೆ ಟಿಎನ್‌ಎಫ್ ಹಾಕಿ ಬೆಳೆಸಿ ನೋಡಿದರು. ಸಹಜ ಕೋಶಗಳು ಸೊರಗಿದವು, ಜಾಕ್2 ಬದಲಾದ ಕೋಶಗಳು ತಡೆದುಕೊಂಡವು. ತೋಟದಲ್ಲಿ ಒಂದೇ ಕಳೆನಾಶಕವನ್ನು ವರ್ಷವರ್ಷವೂ ಹೊಡೆದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಮದ್ದಿಗೆ ಬಗ್ಗದ ಒಂದು ಜಾತಿಯ ಕಳೆ ಉಳಿಯುತ್ತದೆ, ಉಳಿದದ್ದು ಒಣಗಿದ ಜಾಗವೆಲ್ಲ ಅದರದ್ದಾಗುತ್ತದೆ. ಮಜ್ಜೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕೆಟ್ಟ ಕೋಶಗಳ ಸಂತಾನವೇ ಟಿಎನ್‌ಎಫ್ ತಯಾರಿಸುತ್ತದೆ. ಅಂದರೆ ತನಗೆ ತಾಗದ, ಪಕ್ಕದವರನ್ನು ಕೊಲ್ಲುವ ಮದ್ದನ್ನು ತಾನೇ ಸಿಂಪಡಿಸಿಕೊಂಡು ಜಾಗ ಮಾಡಿಕೊಳ್ಳುತ್ತದೆ.

ಇಂಟರ್‌ಲ್ಯೂಕಿನ್-1 ಬೀಟಾ ಬೇರೆ ದಾರಿ ಹಿಡಿಯುತ್ತದೆ. ಕಾಂಡಕೋಶಗಳು ಮಜ್ಜೆಯಲ್ಲಿ ನರಗಳ, ಆಧಾರ ಕೋಶಗಳ ಆಸರೆಯಲ್ಲಿ ಇರುತ್ತವೆ. ಜಾಕ್2 ಕೆಟ್ಟ ಕೋಶಗಳು ಬಿಡುವ ಇಂಟರ್‌ಲ್ಯೂಕಿನ್-1 ಬೀಟಾ ಆ ನರಗಳಿಗೇ ಹಾನಿ ಮಾಡಿ, ಆಸರೆಯ ಕೋಶಗಳನ್ನು ಇಲ್ಲವಾಗಿಸುತ್ತದೆಂದು 2014ರಲ್ಲಿ ಇಲಿಗಳಲ್ಲಿ ತೋರಿಸಿದರು. ಮುಂದೆ ಮಜ್ಜೆ ನಾರುಗಟ್ಟುವುದರಲ್ಲೂ ಇದರ ಕೈವಾಡವಿದೆ.

ಇಂಟರ್‌ಫೆರಾನಿನ ಪಾತ್ರ ಮತ್ತೂ ಸೂಕ್ಷ್ಮ. ಅದು ಸ್ಟಾಟ್1 ಎಂಬ ಪ್ರೋಟೀನಿನ ಮೂಲಕ ಕೆಲಸ ಮಾಡುತ್ತದೆ. 2010ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ರೋಗಿಗಳ ಒಂದೊಂದೇ ಕೋಶದಿಂದ ಬೆಳೆದ ಗುಂಪುಗಳನ್ನು ಹೋಲಿಸಿ ನೋಡಿದರು. ಸ್ಟಾಟ್1 ಚುರುಕಾಗಿದ್ದರೆ ಕೋಶಗಳು ಪ್ಲೇಟ್‌ಲೆಟ್ ಕಡೆಗೆ ವಾಲುತ್ತವೆ, ಅದು ಮಂಕಾಗಿದ್ದರೆ ಕೆಂಪು ಕಣದ ಕಡೆಗೆ. ಒಂದೇ ಜಾಕ್2 ಬದಲಾವಣೆ ಒಬ್ಬರಲ್ಲಿ ಕೆಂಪು ಕಣ ಹೆಚ್ಚಿಸಿ ಇನ್ನೊಬ್ಬರಲ್ಲಿ ಪ್ಲೇಟ್‌ಲೆಟ್ ಹೆಚ್ಚಿಸುವುದರ ಹಿಂದಿನ ಒಂದು ಕಾರಣ ಇದರಿಂದ ಗೊತ್ತಾಯಿತು. ಕೆಂಪು ಕಣದ ಸಂಖ್ಯೆಯನ್ನು ಜಾಕ್2 ಒಂದೇ ನಿರ್ಧರಿಸುವುದಿಲ್ಲ, ಅದರ ಸುತ್ತ ಪ್ರತಿರಕ್ಷಣೆಯ ಸಂದೇಶಗಳು ಹೇಗಿವೆ ಎಂಬುದೂ ನಿರ್ಧರಿಸುತ್ತದೆ. ನನಗೆ ಈ ವಿಷಯದಲ್ಲಿ ಅತಿ ಮುಖ್ಯವೆನಿಸುವ ಮಾತು ಇದು.

ಇದೆಲ್ಲ ರೋಗಿಯ ಮೈಮೇಲೆ ಹೇಗೆ ಕಾಣುತ್ತದೆ? ನಮ್ಮೂರಿನ ಸ್ನಾನವನ್ನೇ ತೆಗೆದುಕೊಳ್ಳಿ. ಆಟಿಯ ಮಳೆಯಲ್ಲಿ ಇಡೀ ದಿನ ನೆನೆದು ಬಂದವರಿಗೆ ಹಂಡೆಯ ಬಿಸಿನೀರಿಗಿಂತ ಸುಖ ಬೇರಿಲ್ಲ. ಈ ಕಾಯಿಲೆ ಇರುವ ಹಲವರಿಗೆ ಆ ನೀರೇ ಶತ್ರು. ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವ ಹೊತ್ತಿಗೆ ಎದೆ, ಬೆನ್ನು, ತೊಡೆಯಲ್ಲಿ ಸೂಜಿ ಚುಚ್ಚಿದಂತೆ ನವೆ ಏಳುತ್ತದೆ. ಚರ್ಮದ ಮೇಲೆ ದದ್ದು ಇರುವುದಿಲ್ಲ, ನೋಡಿದವರಿಗೆ ಏನೂ ಕಾಣುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆ ಒದ್ದಾಡಿ ತಾನಾಗಿ ಇಳಿಯುತ್ತದೆ. ಕೆಲವರು ಸ್ನಾನವನ್ನೇ ಮುಂದೂಡುತ್ತಾರೆ. ಅಲರ್ಜಿ ಎಂದು ಮಾತ್ರೆ ತಿನ್ನುತ್ತಾರೆ, ಸೋಪು ಬದಲಿಸುತ್ತಾರೆ, ಬಾವಿ ನೀರನ್ನು ಟೆಸ್ಟ್ ಮಾಡಿಸುತ್ತಾರೆ. ಇದು ಚರ್ಮದೊಳಗಿನ ಮಾಸ್ಟ್ ಕೋಶಗಳು (ನವೆ ಹುಟ್ಟಿಸುವ ರಾಸಾಯನಿಕಗಳನ್ನು ಬಿಡುವ ಪ್ರತಿರಕ್ಷಣಾ ಕೋಶಗಳು) ಮತ್ತು ಸೈಟೊಕೈನ್‌ಗಳಿಗೆ ಸಂಬಂಧಿಸಿದ ನವೆ. ಸಾಮಾನ್ಯ ಅಲರ್ಜಿ ಮಾತ್ರೆಗೆ ಹಲವು ಸಲ ಬಗ್ಗುವುದಿಲ್ಲ. ಮನೆಯಲ್ಲಿ ಯಾರಾದರೂ ಸ್ನಾನದ ನಂತರದ ನವೆ ಎಂದು ತಿಂಗಳುಗಟ್ಟಲೆ ಹೇಳುತ್ತಿದ್ದರೆ ದಯವಿಟ್ಟು ಒಂದು ಸಿಬಿಸಿ ಮಾಡಿಸಿ. ಸಾಮಾನ್ಯ ರಕ್ತ ಪರೀಕ್ಷೆ, ದುಬಾರಿಯಲ್ಲ.

ರಕ್ತ ಹೆಪ್ಪುಗಟ್ಟುವುದಕ್ಕೂ ರಕ್ತದ ಮಂದತನ ಒಂದೇ ಕಾರಣವಲ್ಲ. ಉರಿಯೂತದಿಂದ ಕೆರಳಿದ ಬಿಳಿ ಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಚೆಲ್ಲುತ್ತವೆ. ಜಾಕ್2 ಕೆಟ್ಟ ಬಿಳಿ ಕಣಗಳು ಇದನ್ನು ಹೆಚ್ಚಾಗಿ ಮಾಡುತ್ತವೆ ಎಂದು 2018ರಲ್ಲಿ ತೋರಿಸಿದರು. ಆ ಬಲೆಯಲ್ಲಿ ಪ್ಲೇಟ್‌ಲೆಟ್ ಸಿಕ್ಕಿ ಹೆಪ್ಪು ಕಟ್ಟುತ್ತದೆ. ಆಗ ಹೇಳಿದ ರಿಪೋರ್ಟಿನಲ್ಲಿ ಬಿಳಿ ಕಣದ ಸಾಲನ್ನೂ ನೋಡಿ ಎಂದದ್ದು ಇದಕ್ಕೇ.

ಚಿಕಿತ್ಸೆಗೆ ಬರುತ್ತೇನೆ. ಮೊದಲನೆಯದು ರಕ್ತ ತೆಗೆಯುವುದು. ರಕ್ತದಾನದ ಹಾಗೆಯೇ ಕುರ್ಚಿಯಲ್ಲಿ ಒರಗಿಸಿ, ಒಮ್ಮೆಗೆ ಸುಮಾರು 350 ಮಿಲಿ ಲೀಟರ್ ತೆಗೆಯುತ್ತಾರೆ. ಅದನ್ನು ಬೇರೆಯವರಿಗೆ ಕೊಡುವುದಿಲ್ಲ. ಹೆಮಟೋಕ್ರಿಟ್ 45ಕ್ಕಿಂತ ಕೆಳಗಿರಬೇಕು ಎಂಬುದು ಗುರಿ. ಇಟಲಿಯಲ್ಲಿ 365 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 45ರ ಕೆಳಗೆ ಇಟ್ಟವರಿಗೆ ಹೋಲಿಸಿದರೆ 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ-ರಕ್ತನಾಳದ ಸಾವು ಮತ್ತು ದೊಡ್ಡ ಹೆಪ್ಪುಗಳು ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದವು. ಇದರ ಜೊತೆ, ಬೇರೆ ಅಡ್ಡಿ ಇಲ್ಲದಿದ್ದರೆ, ಕಡಿಮೆ ಪ್ರಮಾಣದ ಆಸ್ಪಿರಿನ್. ವಯಸ್ಸು 60 ದಾಟಿದವರಿಗೆ ಅಥವಾ ಮೊದಲೇ ಹೆಪ್ಪುಗಟ್ಟಿದ್ದವರಿಗೆ ಮಜ್ಜೆಯಲ್ಲಿ ಕಣಗಳ ತಯಾರಿಕೆಯನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾದಂಥ ಮಾತ್ರೆ. ಇವು ಜೀವ ಉಳಿಸುತ್ತವೆ, ಆದರೆ ರಕ್ತ ತೆಗೆದ ಮಾತ್ರಕ್ಕೆ ಒಳಗಿನ ಉರಿಯೂತ ನಿಲ್ಲುವುದಿಲ್ಲ. ಹೆಮಟೋಕ್ರಿಟ್ 44ಕ್ಕೆ ಬಂದ ಮೇಲೂ ರೋಗಿ 'ಸುಸ್ತು, ನವೆ' ಎಂದರೆ ಅದನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವುದು ಅನ್ಯಾಯ.

ಸಂದೇಶಗಳನ್ನೇ ಗುರಿಯಾಗಿಸುವ ಔಷಧಗಳು ಎರಡು ಬಗೆ. ರಕ್ಸೊಲಿಟಿನಿಬ್ ಎಂಬ ಮಾತ್ರೆ ಜಾಕ್1, ಜಾಕ್2 ಎರಡನ್ನೂ ತಡೆಯುತ್ತದೆ. ಹೈಡ್ರಾಕ್ಸಿಯೂರಿಯಾ ಒಗ್ಗದ ಪಾಲಿಸೈಥೀಮಿಯಾ ರೋಗಿಗಳಿಗೆ 2014ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ನವೆ ಇಳಿಯುತ್ತದೆ, ಊದಿದ ಗುಲ್ಮ ಕುಗ್ಗುತ್ತದೆ. ಆದರೆ ಅದು ತಡೆಯುವ ಸಂದೇಶಗಳೇ ಸೋಂಕಿನ ವಿರುದ್ಧ ನಮ್ಮನ್ನು ಕಾಯುವವು. ಅದಕ್ಕಾಗಿ ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆ ಮಾಡಲೇಬೇಕು, ಸರ್ಪಸುತ್ತಿನ ಬಗ್ಗೆಯೂ ಎಚ್ಚರ ಬೇಕು. ನಮ್ಮ ದೇಶದಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಎರಡನೆಯದು ಇಂಟರ್‌ಫೆರಾನ್. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ವೈರಸ್ಸಿನ ಬಗ್ಗೆ ಕೆಲಸ ಮಾಡುವಾಗ ಕಂಡುಹಿಡಿದ ಪ್ರೋಟೀನಿದು. ಪ್ರತಿರಕ್ಷಣೆಯ ಸಂದೇಶಗಳು ಕಾಯಿಲೆ ಬೆಳೆಸುತ್ತವೆ ಎಂದು ಇಷ್ಟು ಹೊತ್ತು ಹೇಳಿ, ಅಂಥದ್ದೇ ಒಂದು ಸಂದೇಶವನ್ನು ಔಷಧವಾಗಿ ಕೊಡುತ್ತೇವೆ ಎಂದರೆ ವಿಚಿತ್ರವೆನಿಸಬಹುದು. ಕಾಂಡಕೋಶ ಬಹುಪಾಲು ಕಾಲ ನಿದ್ರೆಯಲ್ಲಿರುತ್ತದೆ. ನಿದ್ರೆಯಲ್ಲಿರುವುದರಿಂದಲೇ ಬೇರೆ ಔಷಧಗಳಿಗೆ ಸಿಗುವುದಿಲ್ಲ. ಆಲ್ಫಾ ಇಂಟರ್‌ಫೆರಾನ್ ಅದನ್ನು ಎಬ್ಬಿಸುತ್ತದೆ ಎಂದು 2009ರಲ್ಲಿ ಇಲಿಗಳಲ್ಲಿ ತಿಳಿಯಿತು. ಎದ್ದ ಕೆಟ್ಟ ಕೋಶಗಳು ಕ್ರಮೇಣ ವಿಭಜನೆಯಾಗಿ ಮುಗಿದುಹೋಗುತ್ತವೆ, ಸಹಜ ಕೋಶಗಳು ಹೆಚ್ಚು ತಾಳಿಕೊಳ್ಳುತ್ತವೆ ಎಂಬುದು ಈಗಿನ ತಿಳಿವಳಿಕೆ. ವರ್ಷಗಳ ಕಾಲ ತೆಗೆದುಕೊಂಡ ಹಲವರಲ್ಲಿ ಜಾಕ್2 ಬದಲಾದ ಕೋಶಗಳ ಪಾಲೇ ಕಡಿಮೆಯಾಗಿರುವುದನ್ನು ಅಳೆದು ನೋಡಿದ್ದಾರೆ. ಎರಡು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ರೋಪೆಗ್‌ಇಂಟರ್‌ಫೆರಾನ್‌ಗೆ ಯುರೋಪಿನಲ್ಲಿ 2019ರಲ್ಲೂ ಅಮೆರಿಕದಲ್ಲಿ 2021ರಲ್ಲೂ ಅನುಮತಿ ಸಿಕ್ಕಿದೆ. ಇಂಟರ್‌ಫೆರಾನ್ ಚಿಕಿತ್ಸೆ ದುಬಾರಿ. ಬೆಲೆಯ ಕಾರಣಕ್ಕೆ ಒಳ್ಳೆಯ ಔಷಧ ಬೇಕಾದವರ ಕೈಗೆ ಸಿಗದಿರುವುದು ನನ್ನನ್ನು ಕಾಡುತ್ತದೆ.

ಇನ್ನು ಪ್ರಶ್ನೆಗಳು. ತೋಟ ನೋಡಿಕೊಳ್ಳುವ ಹಿರಿಯರೊಬ್ಬರು ಕೇಳಿದರು: "ಡಾಕ್ಟ್ರೇ, ಮಳೆಗಾಲದಲ್ಲಿ ತೋಟಕ್ಕಿಳಿದರೆ ಜಿಗಣೆ ರಕ್ತ ಹೀರುತ್ತದಲ್ಲ, ಅದೇ ಸಾಕಾಗುವುದಿಲ್ಲವೇ?" ಒಳ್ಳೆಯ ಪ್ರಶ್ನೆ. ಒಂದು ಜಿಗಣೆ ಹೀರುವುದು ಕೆಲವೇ ಮಿಲಿ ಲೀಟರ್. ಚಿಕಿತ್ಸೆಯಲ್ಲಿ ಅಳೆದು, ರಕ್ತದೊತ್ತಡ ನೋಡಿಕೊಂಡು ತೆಗೆಯುತ್ತೇವೆ. ಅಲ್ಲದೆ ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ. ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಕಚ್ಚಿದ ಜಾಗ ಇನ್ನೂ ಹೆಚ್ಚು ಹೊತ್ತು ಸೋರಬಹುದು.

ಆಹಾರದ ಬಗ್ಗೆ ಹಲವರು ಕೇಳಿದರು. ಪಂದಿಕರಿ (ಹಂದಿಮಾಂಸದ ಕರಿ) ಬಿಡಬೇಕೇ, ಬೀಟ್‌ರೂಟ್ ತಿನ್ನಬಾರದೇ, ಕಾಫಿ ಕಾರಣವೇ? ಕಾಫಿ ಕಾರಣವಲ್ಲ. ಮನೆಯ ಊಟದಲ್ಲಿ ಏನನ್ನೂ ಪೂರ್ತಿ ಬಿಡಬೇಕಿಲ್ಲ. ಬಿಡಬೇಕಾದದ್ದು ತಂಬಾಕು, ಮತ್ತು ವೈದ್ಯರನ್ನು ಕೇಳದೆ ತೆಗೆದುಕೊಳ್ಳುವ ಕಬ್ಬಿಣದ ಮಾತ್ರೆ, ಟಾನಿಕ್. ಸುಸ್ತು ಎಂದು ಕಬ್ಬಿಣ ನುಂಗಿದರೆ ಈ ಕಾಯಿಲೆಯಲ್ಲಿ ಹೆಮಟೋಕ್ರಿಟ್ ಸರ್ರನೆ ಏರಬಹುದು. ಇನ್ನೊಂದು ಮಾತು: ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣದಿಂದ. ಆಸ್ಪಿರಿನ್ ತೆಗೆದುಕೊಳ್ಳುವವರು ಹೆದರುವುದು ಬೇಡ. ಸೊಪ್ಪು ತಿನ್ನದೆಯೇ ಕೆಂಪಾದರೆ, ಅಥವಾ ಒಂದೆರಡು ದಿನ ಕಳೆದರೂ ಹಾಗೆಯೇ ಇದ್ದರೆ ಪರೀಕ್ಷೆ ಮಾಡಿಸಿ.

"ಮಕ್ಕಳಿಗೆ ಬರುತ್ತದೆಯೇ?" ಈ ಬದಲಾವಣೆ ಆಗುವುದು ಮಜ್ಜೆಯ ಒಂದು ಕೋಶದಲ್ಲಿ. ಅಂಡದಲ್ಲೋ ವೀರ್ಯದಲ್ಲೋ ಅದು ಇರುವುದಿಲ್ಲ. ಕೆಲವು ಕುಟುಂಬಗಳಲ್ಲಿ ಒಲವು ಸ್ವಲ್ಪ ಹೆಚ್ಚಿರುವುದುಂಟು, ಆದರೆ ತೊಂದರೆ ಏನೂ ಇಲ್ಲದ ಮಕ್ಕಳಿಗೆಲ್ಲ ಜಾಕ್2 ಪರೀಕ್ಷೆ ಮಾಡಿಸುತ್ತಾ ಹೋಗಬೇಕಿಲ್ಲ.

ಕೊನೆಯಲ್ಲಿ ಒಬ್ಬರು ಅಕ್ಕ ಎದ್ದು ನಿಂತು, ಮನೆಯವರಿಗೆ ಇಂಟರ್‌ಫೆರಾನ್ ಶುರುವಾಗಿದೆ, ಚುಚ್ಚಿದ ಮರುದಿನ ಜ್ವರ, ಮೈಕೈ ನೋವು, ನಿಲ್ಲಿಸಿಬಿಡೋಣವೇ ಎಂದು ಕೇಳಿದರು. ನೀವಾಗಿಯೇ ನಿಲ್ಲಿಸಬೇಡಿ ಅಕ್ಕ. ಆ ಜ್ವರ ಇಂಟರ್‌ಫೆರಾನ್ ಕೆಲಸದ್ದೇ. ರಾತ್ರಿ ಮಲಗುವ ಮೊದಲು ಚುಚ್ಚಿಕೊಂಡು, ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ತೆಗೆದುಕೊಂಡರೆ ಹೆಚ್ಚಿನವರಿಗೆ ತಡೆದುಕೊಳ್ಳಲು ಆಗುತ್ತದೆ, ಕೆಲವು ವಾರಗಳಲ್ಲಿ ಕಡಿಮೆಯೂ ಆಗುತ್ತದೆ. ಜ್ವರಕ್ಕಿಂತ ನೀವು ಗಮನಿಸಬೇಕಾದದ್ದು ಅವರ ಮನಸ್ಸನ್ನು. ಯಾರೊಂದಿಗೂ ಮಾತಾಡದೆ ಕೂರುವುದು, ನಿದ್ದೆ ಬಾರದಿರುವುದು, ಯಾವುದೂ ಬೇಡ ಎನ್ನುವುದು ಕಂಡರೆ ಅದು ಅವರ ಸ್ವಭಾವ ಎಂದುಕೊಂಡು ಸುಮ್ಮನಿರಬೇಡಿ. ಈ ಔಷಧದಿಂದ ಖಿನ್ನತೆ ಬರಬಹುದು. ಮುಂದಿನ ಚುಚ್ಚುಮದ್ದಿಗೆ ಕಾಯದೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಥೈರಾಯ್ಡ್ ಮತ್ತು ಯಕೃತ್ತಿನ ಪರೀಕ್ಷೆಯನ್ನು ಅವರು ಹೇಳಿದ ಸಮಯಕ್ಕೆ ತಪ್ಪದೆ ಮಾಡಿಸಿ, ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ಹೋಗಿ.